ನಮ್ಮ ಗಾಳಿಯ ಬೆಂಜೋಪೈರೀನ್ ಲೆಕ್ಕ ಕೊಡಿ: ಮಾಲಿನ್ಯ ನಿಯಂತ್ರಣ ಮಂಡಳಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಅರೆಬರೆ ಉರಿದ ಬೆಂಕಿಯ ಹೊಗೆಯಲ್ಲಿ ಹುಟ್ಟುವ, ಕ್ಯಾನ್ಸರ್ ತರುವ ವಸ್ತು ಬೆಂಜೋಪೈರೀನ್. ನಾವು ಉಸಿರಾಡುವ ಗಾಳಿಯಲ್ಲಿ ಅದು ಎಷ್ಟಿದೆ ಅನ್ನುವ ಲೆಕ್ಕ ನಮಗೆ ಬೇಕು. ಬಡಾವಣೆ ಬಡಾವಣೆಯ ಲೆಕ್ಕ ಬೇಕು. ಜನ ಮೊಬೈಲಿನಲ್ಲಿ ನೋಡುವ ಕಡೆ, ಕನ್ನಡದಲ್ಲಿ ಬೇಕು.

ಇದು ನಾನು ಹೊಸದಾಗಿ ಹುಟ್ಟಿಸಿದ ಬೇಡಿಕೆ ಅಲ್ಲ. 2009ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ ದೇಶದ ಗಾಳಿಯ ಗುಣಮಟ್ಟದ ಮಾನದಂಡ ಹೊರಬಿತ್ತು. ಅದರಲ್ಲಿ 12 ಮಾಲಿನ್ಯಕಾರಕಗಳ ಪಟ್ಟಿ ಇದೆ. ದೂಳು, ಗಂಧಕದ ಡೈಆಕ್ಸೈಡ್, ಸೀಸ, ಓಝೋನ್ ಇವುಗಳ ಜೊತೆಗೆ ಬೆಂಜೋಪೈರೀನ್ ಕೂಡ ಇದೆ. ಮಿತಿ ಇಷ್ಟು: ಒಂದು ಘನ ಮೀಟರ್ ಗಾಳಿಯಲ್ಲಿ, ವರ್ಷದ ಸರಾಸರಿ 1 ನ್ಯಾನೊಗ್ರಾಂ. ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಇಷ್ಟು ಸಣ್ಣ ಅಳತೆಯನ್ನು ಕಾನೂನಿನಲ್ಲಿ ಬರೆದಿದ್ದಾರೆ ಅಂದರೆ ಅದಕ್ಕೆ ತಕ್ಕ ಕಾರಣ ಇರಲೇಬೇಕು ಅಲ್ವಾ?

ಆ ಕಾರಣವನ್ನು ನಿಮಗೆ ಹೇಳಿಕೊಡುವ ಅಗತ್ಯ ಇಲ್ಲ. ಆದರೆ ಈ ಪತ್ರವನ್ನು ನನ್ನ ಬೀದಿಯ ಜನರೂ ಓದುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವನು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬೆಂಜೋಪೈರೀನ್ ಸೇರಿರುವುದು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್, ಚಿಕ್ಕದಾಗಿ ಪಿಎಎಚ್ ಅನ್ನುವ ಗುಂಪಿಗೆ. ಇದು ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಇಂಗಾಲದ ಆರು ಪರಮಾಣುಗಳು ಸೇರಿ ಒಂದು ಉಂಗುರ ಆಗುತ್ತದೆ. ಅಂಥ ಉಂಗುರಗಳು ಜೇನುಗೂಡಿನ ಕೋಣೆಗಳ ಹಾಗೆ ಪಕ್ಕಪಕ್ಕ ಅಂಟಿಕೊಂಡರೆ ಪಿಎಎಚ್. ಎರಡು ಉಂಗುರ ಸೇರಿದರೆ ನ್ಯಾಫ್ತಲೀನ್. ಬೀರುವಿನಲ್ಲಿ ರೇಷ್ಮೆ ಸೀರೆಯ ಮಧ್ಯೆ ಇಡುತ್ತಿದ್ದ ಬಿಳಿ ನುಸಿ ಗುಳಿಗೆ ಅದೇ. ಮೂರು ಸೇರಿದರೆ ಆಂತ್ರಸೀನ್, ಫಿನಾಂತ್ರೀನ್. ನಾಲ್ಕು ಸೇರಿದರೆ ಪೈರೀನ್. ಐದು ಉಂಗುರದ್ದೇ ಬೆಂಜೋಪೈರೀನ್. ಅದರಲ್ಲಿ ಇಂಗಾಲ 20, ಜಲಜನಕ 12. ನೋಡಲು ತೆಳು ಹಳದಿ ಹರಳು. ಉಂಗುರ ಕಡಿಮೆ ಇದ್ದವು ಸುಲಭವಾಗಿ ಗಾಳಿಗೆ ಹಾರಿ ಹೋಗುತ್ತವೆ. ಉಂಗುರ ಜಾಸ್ತಿ ಇದ್ದವು ಮಸಿಯ ಕಣಕ್ಕೆ ಅಂಟಿ ಕೂರುತ್ತವೆ. ಆ ಕಣ ಎಷ್ಟು ಸಣ್ಣದು ಅಂದರೆ ಮೂಗು, ಗಂಟಲು ಅದನ್ನು ತಡೆಯಲಾರವು. ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ.

ಇವನ್ನು ಯಾರೂ ಬೇಕೆಂದು ತಯಾರಿಸಿ ಗಾಳಿಗೆ ಬಿಡುವುದಿಲ್ಲ. ಬೆಂಕಿ ಅರೆಬರೆ ಉರಿದಾಗ ತಾವಾಗಿಯೇ ಹುಟ್ಟುತ್ತವೆ. ಚೆನ್ನಾಗಿ ಗಾಳಿ ಸಿಕ್ಕಿ, ಚೆನ್ನಾಗಿ ಕಾದು ಉರಿದರೆ ಸೌದೆಯ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಗಾಳಿ ಸಾಲದೆ ಹೊಗೆಯಾಡಿದರೆ ಮುರಿದ ತುಂಡುಗಳು ಒಂದಕ್ಕೊಂದು ಸೇರಿ ಉಂಗುರ ಕಟ್ಟುತ್ತವೆ. ಉಂಗುರಕ್ಕೆ ಉಂಗುರ ಸೇರುತ್ತಾ ಹೋಗಿ ಕೊನೆಗೆ ಮಸಿಯಾಗುತ್ತದೆ. ಹಳ್ಳಿಮನೆಯ ಅಡುಗೆಕೋಣೆಯ ಸೂರಿನಲ್ಲಿ ಕಪ್ಪಗೆ ಜೋತಾಡುವ ಇಲ್ಲಣದಲ್ಲಿ ಇದೆಲ್ಲ ಇದೆ. ಡೀಸೆಲ್ ಲಾರಿಯ ಹೊಗೆಯಲ್ಲಿದೆ. ಬೀಡಿ, ಸಿಗರೇಟಿನಲ್ಲಿದೆ. ಊದುಬತ್ತಿಯ ಹೊಗೆಯಲ್ಲೂ ಇದೆ.

ಬೀದಿ ಬದಿಯ ಕಸದ ಬೆಂಕಿಯಲ್ಲಂತೂ ಇದಕ್ಕೆ ಬರವಿಲ್ಲ. ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ನಮ್ಮ ಬಡಾವಣೆಯ ತಿರುವಿನಲ್ಲಿ ಖಾಲಿ ಸೈಟೊಂದಿದೆ. ಜನವರಿ ಬಂತೆಂದರೆ ಮಳೆಮರ, ಹೊಂಗೆ ಎಲೆ ಉದುರಿಸಲು ಶುರು ಮಾಡುತ್ತವೆ. ಬೆಳಗಿನ ಜಾವ ಎಲೆ ಗುಡಿಸಿ ಅಲ್ಲಿ ರಾಶಿ ಹಾಕುತ್ತಾರೆ. ಬರೀ ಎಲೆ ಇರುವುದಿಲ್ಲ. ಹಾಲಿನ ಕವರ್, ಕುರ್ಕುರೆ ಪೊಟ್ಟಣ, ಹರಿದ ಚಪ್ಪಲಿ, ಥರ್ಮಾಕೋಲ್ ತುಂಡು, ಮಗುವಿನ ಡೈಪರ್. ಕೆಳಗಿನ ಎಲೆ ಇಬ್ಬನಿಗೆ ಒದ್ದೆ. ಕಡ್ಡಿ ಗೀರಿದರೆ ಮೇಲಿನ ಪದರ ಒಂದು ಕ್ಷಣ ಭಗ್ಗೆಂದು ಉರಿದು ಆರುತ್ತದೆ. ಆಮೇಲೆ ಗಂಟೆಗಟ್ಟಲೆ ಬರೀ ಹೊಗೆ. ಹಳದಿ ಮಿಶ್ರಿತ ಬಿಳಿ, ದಪ್ಪ ಹೊಗೆ. ಚಳಿಗಾಲದ ಬೆಳಗ್ಗೆ ಅದು ಮೇಲೆ ಹೋಗುವುದೂ ಇಲ್ಲ. ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದು, ಹೊಗೆ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಮಹಡಿಯ ಕಿಟಕಿಯ ಎತ್ತರಕ್ಕೆ ಹಾಸಿದಂತೆ ನಿಲ್ಲುತ್ತದೆ. ಸ್ಕೂಲ್ ವ್ಯಾನಿಗೆ ಕಾಯುವ ಮಕ್ಕಳು ನಿಲ್ಲುವುದು ಅದೇ ತಿರುವಿನಲ್ಲಿ.

"ಎಲೆ ತಾನೆ ಸಾರ್, ಅದೇನಾಗುತ್ತೆ?" ಅನ್ನುವವರು ತುಂಬಾ ಜನ. ಎಲೆಯಾದರೂ ಅಷ್ಟೇ, ಕಟ್ಟಿಗೆಯಾದರೂ ಅಷ್ಟೇ. ಅರೆಬರೆ ಉರಿದರೆ ಪಿಎಎಚ್ ಹುಟ್ಟುತ್ತದೆ. ಪ್ಲಾಸ್ಟಿಕ್, ರಬ್ಬರ್ ಸೇರಿದರೆ ಇನ್ನೂ ಜಾಸ್ತಿ. ಪಿವಿಸಿ ಸೇರಿದರೆ ಕ್ಲೋರಿನ್ ಸಿಕ್ಕಿ ಡೈಆಕ್ಸಿನ್ ಅನ್ನುವ ಇನ್ನೊಂದು ವಿಷ ಕೂಡ ಹುಟ್ಟುತ್ತದೆ.

ಇಂಥ ಮಸಿ ಕ್ಯಾನ್ಸರ್ ತರುತ್ತದೆ ಅನ್ನುವುದು ನಿನ್ನೆ ಮೊನ್ನೆಯ ಸುದ್ದಿ ಅಲ್ಲ. 1775ರಲ್ಲೇ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಇದನ್ನು ಬರೆದಿಟ್ಟರು. ಅಲ್ಲಿ ಚಿಮಣಿ ಒಳಗೆ ತೂರಿ ಮಸಿ ಕೆರೆಯಲು ಪುಟ್ಟ ಹುಡುಗರನ್ನು ಬಳಸುತ್ತಿದ್ದರು. ಆ ಹುಡುಗರು ದೊಡ್ಡವರಾದಾಗ ವೃಷಣದ ಚರ್ಮಕ್ಕೆ ಕ್ಯಾನ್ಸರ್ ಬರುತ್ತಿತ್ತು. ಚರ್ಮದ ಮಡಿಕೆಯಲ್ಲಿ ಕೂತ ಮಸಿಯೇ ಕಾರಣ ಎಂದು ಪಾಟ್ ಗುರುತಿಸಿದರು. ಕೆಲಸದಿಂದ ಬರುವ ಕ್ಯಾನ್ಸರನ್ನು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಅದೇ ಮೊದಲು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ ಹಚ್ಚಿ ಕ್ಯಾನ್ಸರ್ ಬರಿಸಿ ತೋರಿಸಿದರು. ಟಾರಿನಲ್ಲಿ ಇರುವ ನೂರಾರು ವಸ್ತುಗಳಲ್ಲಿ ಯಾವುದು ಕಾರಣ? ಲಂಡನ್ನಿನ ವಿಜ್ಞಾನಿಗಳು ಎರಡು ಟನ್ ಟಾರು ಗಸಿಯನ್ನು ಬಟ್ಟಿ ಇಳಿಸಿ, ಸೋಸಿ, ಮತ್ತೆ ಸೋಸಿ, 1933ರಲ್ಲಿ ಬೆಂಜೋಪೈರೀನನ್ನು ಬೇರ್ಪಡಿಸಿದರು. ಎರಡು ಟನ್ನಿನಲ್ಲಿ ಹುಡುಕಿ ತೆಗೆದ ಆ ವಸ್ತುವೇ ಈಗ ನಮ್ಮ ಕಾನೂನಿನ ಪಟ್ಟಿಯಲ್ಲಿದೆ.

ಒಳಗೆ ಹೋಗಿ ಅದು ಮಾಡುವ ಕೆಲಸವನ್ನು ಪಾಠ ಮಾಡುವಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು. ಬೆಂಜೋಪೈರೀನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಅದನ್ನು ಹೊರಗೆ ಹಾಕಬೇಕಾದರೆ ದೇಹ ಮೊದಲು ಅದನ್ನು ನೀರಿನಲ್ಲಿ ಕರಗುವ ಹಾಗೆ ಬದಲಾಯಿಸಬೇಕು. ಶ್ವಾಸಕೋಶದ, ಯಕೃತ್ತಿನ ಕಿಣ್ವಗಳು ಆ ಕೆಲಸಕ್ಕೆ ಇಳಿಯುತ್ತವೆ. ಉಂಗುರದ ಅಂಚಿಗೆ ಆಮ್ಲಜನಕ ಸೇರಿಸುತ್ತವೆ. ಆ ದಾರಿಯಲ್ಲಿ ಹುಟ್ಟುವ ಒಂದು ರೂಪ ಸೀದಾ ಹೋಗಿ ಡಿಎನ್‌ಎಯ ಗ್ವಾನೀನ್ ಅನ್ನುವ ಭಾಗಕ್ಕೆ ಅಂಟಿಕೊಳ್ಳುತ್ತದೆ. ಜೀವಕೋಶ ಎರಡಾಗುವಾಗ ಅಲ್ಲಿ ಅಕ್ಷರ ತಪ್ಪುತ್ತದೆ. ಪಿ53 ಅನ್ನುವ ಕಾವಲು ಜೀನ್ ಒಂದಿದೆ. ಧೂಮಪಾನಿಗಳ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ಜೀನ್ ಯಾವ ಜಾಗಗಳಲ್ಲಿ ಕೆಟ್ಟಿರುತ್ತದೋ, ಬೆಂಜೋಪೈರೀನಿನ ಆ ರೂಪವೂ ಅದೇ ಜಾಗಗಳಿಗೆ ಹೋಗಿ ಅಂಟುತ್ತದೆ ಎಂದು 1996ರಲ್ಲಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಬೆಂಜೋಪೈರೀನನ್ನು ಮೊದಲ ಗುಂಪಿನಲ್ಲಿ ಇಟ್ಟಿದೆ. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪು ಅದು.

ಇದರ ನೆಂಟರೂ ಇದ್ದಾರೆ. ಡೀಸೆಲ್ ಎಂಜಿನ್ನಿನ ಬಿಸಿಯಲ್ಲಿ ಪಿಎಎಚ್‌ಗೆ ನೈಟ್ರೋ ಗುಂಪು ಸೇರಿದರೆ ನೈಟ್ರೋಪೈರೀನ್‌ನಂಥವು ಆಗುತ್ತವೆ. ಗಾಳಿಯಲ್ಲಿ ತೇಲುತ್ತಾ, ಬಿಸಿಲಿಗೆ, ಓಝೋನಿಗೆ ಸಿಕ್ಕಿದರೆ ಆಮ್ಲಜನಕ ಸೇರಿ ಕ್ವಿನೋನ್‌ಗಳಾಗುತ್ತವೆ. 2012ರಲ್ಲಿ ಡೀಸೆಲ್ ಹೊಗೆಯನ್ನೂ ಅದೇ ಮೊದಲ ಗುಂಪಿಗೆ ಸೇರಿಸಿದರು. ನಮ್ಮ ಪಟ್ಟಿಯಲ್ಲಿ ಇರುವುದು ಬೆಂಜೋಪೈರೀನ್ ಒಂದೇ. ಅಮೆರಿಕದವರು 1970ರ ದಶಕದಲ್ಲೇ ಮುಖ್ಯವೆಂದು ಗುರುತಿಸಿದ ಪಿಎಎಚ್‌ಗಳು 16. ಸದ್ಯಕ್ಕೆ ನಾನು ಹದಿನಾರನ್ನೂ ಕೇಳುತ್ತಿಲ್ಲ. ಒಂದರ ಲೆಕ್ಕ ಸಿಕ್ಕರೂ ಇಡೀ ಕುಟುಂಬದ ಅಂದಾಜು ಸಿಗುತ್ತದೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ.

ಮೊಬೈಲಿನಲ್ಲಿ ಜನ ನೋಡುವುದು ಗಾಳಿ ಗುಣಮಟ್ಟ ಸೂಚ್ಯಂಕ. ಹಸಿರು, ಹಳದಿ, ಕೆಂಪು ಬಣ್ಣದ ಸಂಖ್ಯೆ. ಆ ಸೂಚ್ಯಂಕ ಎಂಟು ಮಾಲಿನ್ಯಕಾರಕಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆ ಎಂಟರಲ್ಲಿ ಬೆಂಜೋಪೈರೀನ್ ಇಲ್ಲ. ದೂಳು ಇದೆ ತಾನೆ, ಅದರಲ್ಲೇ ಇದೂ ಬಂತಲ್ಲ ಎಂದು ಕೇಳಬಹುದು. ಬರುವುದಿಲ್ಲ. ದೂಳನ್ನು ತೂಕದಲ್ಲಿ ಅಳೆಯುತ್ತಾರೆ. ರಸ್ತೆ ಮಣ್ಣಿನ ದೂಳಿಗೂ, ಸುಟ್ಟ ಟೈರಿನ ಮಸಿಗೂ ಒಂದೇ ತಕ್ಕಡಿ. ಮಣ್ಣು ತೂಕದಲ್ಲಿ ಗೆಲ್ಲುತ್ತದೆ. ವಿಷ ಇರುವುದು ತೂಕವೇ ಇಲ್ಲದ ಮಸಿಯಲ್ಲಿ.

ಇದರ ಪರಿಣಾಮ ಹಣ ಖರ್ಚಾಗುವ ಕಡೆ ಕಾಣುತ್ತದೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಅದರಲ್ಲಿವೆ. ಅಲ್ಲಿ ಯಶಸ್ಸನ್ನು ಅಳೆಯುವುದು ದೂಳಿನ ತೂಕದಲ್ಲಿ. ಹಾಗಾಗಿ ಗುಡಿಸುವ ಯಂತ್ರ, ನೀರು ಸಿಂಪಡಿಸುವ ಲಾರಿ, ಕಾರಂಜಿ, ರಸ್ತೆ ಬದಿಗೆ ಕಾಂಕ್ರೀಟು. ಇವು ಬೇಡ ಅನ್ನುತ್ತಿಲ್ಲ. ದೂಳೂ ಕೆಟ್ಟದ್ದೇ. ಆದರೆ ಇಡೀ ರಸ್ತೆ ತೊಳೆದು ದೂಳಿನ ಸಂಖ್ಯೆ ಇಳಿಸಿದ ಊರಿನಲ್ಲೂ, ಪ್ರತಿ ತಿರುವಿನಲ್ಲಿ ಕಸ ಉರಿಯುತ್ತಿದ್ದರೆ ಬೆಂಜೋಪೈರೀನ್ ಒಂದಿಷ್ಟೂ ಇಳಿದಿರುವುದಿಲ್ಲ. ವರದಿಯಲ್ಲಿ ಗಾಳಿ ಸುಧಾರಿಸಿರುತ್ತದೆ. ಮಗುವಿನ ಶ್ವಾಸಕೋಶಕ್ಕೆ ಅದು ಗೊತ್ತಾಗುವುದಿಲ್ಲ.

ಅಳೆಯುವುದು ಕಷ್ಟ ಅನ್ನುವ ಉತ್ತರ ಬರಬಹುದು. ಒಪ್ಪುತ್ತೇನೆ, ಓಝೋನಿನ ಹಾಗೆ ಯಂತ್ರ ಇಟ್ಟು ಗಂಟೆಗೊಮ್ಮೆ ಸಂಖ್ಯೆ ಓದುವ ವಸ್ತು ಇದಲ್ಲ. ಆದರೆ ಅರ್ಧ ಕೆಲಸ ಈಗಾಗಲೇ ಆಗುತ್ತಿದೆ. ದೂಳು ಅಳೆಯುವ ಕೇಂದ್ರಗಳಲ್ಲಿ ನಿಮ್ಮ ಸಿಬ್ಬಂದಿ ಫಿಲ್ಟರ್ ಕಾಗದ ಇಟ್ಟು, ಇಡೀ ದಿನ ಗಾಳಿ ಎಳೆಸಿ, ತೂಕ ನೋಡುತ್ತಾರೆ. ಇಟ್ಟಾಗ ಬಿಳಿ, ತೆಗೆದಾಗ ಬೂದಿ ಬಣ್ಣ. ಆ ಬೂದಿ ಬಣ್ಣದಲ್ಲೇ ಬೆಂಜೋಪೈರೀನ್ ಕೂತಿದೆ. ಕಾಗದದ ಒಂದು ಭಾಗ ಕತ್ತರಿಸಿ, ಟಾಲ್ವೀನ್ ಅನ್ನುವ ದ್ರಾವಕದಲ್ಲಿ ಹಾಕಿ, ಕಂಪನ ಕೊಟ್ಟು, ಸೋಸಿ, ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಹಾಕಿದರೆ ಲೆಕ್ಕ ಸಿಗುತ್ತದೆ. ಈ ವಿಧಾನವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ತನ್ನ ಮಾರ್ಗಸೂಚಿಯಲ್ಲಿ ಹಂತ ಹಂತವಾಗಿ ಅಚ್ಚು ಹಾಕಿದೆ. ಯಂತ್ರವೂ ಅಪರೂಪದ್ದಲ್ಲ. ತರಕಾರಿಯಲ್ಲಿ ಕೀಟನಾಶಕ ಪರೀಕ್ಷಿಸುವ ಲ್ಯಾಬುಗಳಲ್ಲಿ ಇರುತ್ತದೆ. ಕಾನೂನು ಕೇಳುವುದು ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ ಕನಿಷ್ಠ 104 ಅಳತೆ. ಅಂಕಿ ಒಂದು ವಾರ ತಡವಾಗಿ ಬಂದರೂ ಪರವಾಗಿಲ್ಲ. ಬರಬೇಕು ಅಷ್ಟೇ. ಲ್ಯಾಬಿನ ರಿಜಿಸ್ಟರಿನಲ್ಲೋ ವಾರ್ಷಿಕ ವರದಿಯ ಕೊನೆಯ ಕೋಷ್ಟಕದಲ್ಲೋ ಉಳಿದರೆ ಸಾಲದು. ಊರಿನ ಹೆಸರು ಹಾಕಿ ಜನರ ಮುಂದೆ ಇಡಬೇಕು.

ಎಲ್ಲಿ ಅಳೆಯಬೇಕು ಅನ್ನುವುದೂ ಅಷ್ಟೇ ಮುಖ್ಯ. ಕಚೇರಿಯ ಮಹಡಿ ಮೇಲೆ ಫಿಲ್ಟರ್ ಇಟ್ಟರೆ ಬೀದಿ ತಿರುವಿನ ಹೊಗೆ ಗೊತ್ತಾಗುವುದಿಲ್ಲ.

ನನ್ನ ನೆಂಟರ ಊರು ಮಂಡ್ಯದ ಕಡೆ. ಅಲ್ಲಿ ಒಂದು ಆಲೆಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಗೆ ಸುರಿದು, ಕೆಳಗಿನ ಗುಳಿ ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಾರೆ. ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಬೆಂಕಿ ಚೆನ್ನಾಗಿ ಹತ್ತುತ್ತದೆ, ಹೊಗೆ ಕಡಿಮೆ. ಆದರೆ ಮೋಡ ಕವಿದು ಎರಡು ದಿನ ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ. ಅರೆದ ಹಾಲನ್ನು ಕಾಯಿಸಲೇಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಆಗ ಒಲೆಯ ಬಾಯಿಗೆ ಹಳೆ ಟೈರಿನ ತುಂಡು ಬಿತ್ತು. ಟೈರ್ ಭಗಭಗನೆ ಉರಿಯುತ್ತದೆ, ಶಾಖ ಜಾಸ್ತಿ, ಬೆಲೆ ಕಡಿಮೆ. ಚಿಮಣಿಯಿಂದ ಎದ್ದ ಹೊಗೆ ಕಡುಕಪ್ಪು. ಒಲೆಗೆ ತಳ್ಳುತ್ತಿದ್ದ ಹುಡುಗನ ಮೂಗಿನ ಹೊಳ್ಳೆಯ ಒಳಗೂ ಕಪ್ಪು. ಟವೆಲಿನಿಂದ ಮುಖ ಒರೆಸಿಕೊಂಡರೆ ಟವೆಲ್ ಕಪ್ಪಾಗುತ್ತಿತ್ತು. ಟೈರಿನಲ್ಲಿ ಮಸಿಯ ಪುಡಿ, ಆರೊಮ್ಯಾಟಿಕ್ ಎಣ್ಣೆ ಎರಡೂ ಇರುತ್ತವೆ. ಪಿಎಎಚ್ ಹುಟ್ಟಲು ಇದಕ್ಕಿಂತ ಒಳ್ಳೆಯ ಕಚ್ಚಾವಸ್ತು ಬೇಡ.

ಎಲ್ಲ ಆಲೆಮನೆಗಳೂ ಹಾಗೆ ಅಂತ ನಾನು ಹೇಳುತ್ತಿಲ್ಲ. ಸಿಪ್ಪೆ ಬಿಟ್ಟು ಬೇರೆ ಮುಟ್ಟದವರನ್ನೂ ಬಲ್ಲೆ. ಟೈರ್ ಉರಿಸಿದವರಿಗೆ ನೋಟಿಸು ಕೊಟ್ಟು ಬೀಗ ಹಾಕಿದರೆ ಮುಗಿಯಿತು ಎಂದೂ ನನಗೆ ಅನ್ನಿಸುವುದಿಲ್ಲ. ಬೆಲ್ಲದ ಲಾಭ ತೆಳು. ಸಿಪ್ಪೆ ಕೂಡಿಡಲು ಒಂದು ತಗಡಿನ ಚಪ್ಪರ, ಗಾಳಿ ಸರಿಯಾಗಿ ಎಳೆಯುವ ಒಲೆ, ಎತ್ತರದ ಚಿಮಣಿ ಇದ್ದರೆ ಮಳೆಗಾಲದಲ್ಲೂ ಟೈರ್ ಬೇಡ. ಅದಕ್ಕೆ ಸಾಲ ಕೊಡಿಸುವುದು ಬೀಗ ಹಾಕುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಅಲ್ಲಿನ ಗಾಳಿಯ ಬೆಂಜೋಪೈರೀನ್ ಅಂಕಿ ಕೈಯಲ್ಲಿದ್ದರೆ, ಸಾಲ ಯಾಕೆ ಕೊಡಬೇಕು ಎಂದು ಕೇಳುವ ಅಧಿಕಾರಿಗೆ ಅದನ್ನೇ ತೋರಿಸಬಹುದು.

ರಸ್ತೆಗೆ ಟಾರು ಹಾಕುವವರ ವಿಷಯವೂ ಇದೆ. ಈಗ ನಮ್ಮಲ್ಲಿ ರಸ್ತೆಗೆ ಹಾಕುವುದು ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ಹಳೆಯ ಕಲ್ಲಿದ್ದಲ ಟಾರಿಗೆ ಹೋಲಿಸಿದರೆ ಅದರಲ್ಲಿ ಪಿಎಎಚ್ ತುಂಬಾ ಕಡಿಮೆ, ಅದು ಸಮಾಧಾನದ ಮಾತು. ಆದರೆ ಗುಂಡಿ ಮುಚ್ಚುವ ಸಣ್ಣ ಕೆಲಸಗಳಲ್ಲಿ ರಸ್ತೆ ಬದಿಗೆ ಡ್ರಮ್ಮು ಇಟ್ಟು, ಕೆಳಗೆ ಸೌದೆ, ರಬ್ಬರ್, ಸಿಕ್ಕಿದ್ದನ್ನು ತುರುಕಿ ಕಾಯಿಸುತ್ತಾರೆ. ಕಲೆಸುವ ಹೆಣ್ಣುಮಕ್ಕಳು ಕಾಲಿಗೆ ಗೋಣಿಚೀಲ ಸುತ್ತಿಕೊಂಡು, ಸೆರಗು ಮೂಗಿಗೆ ಹಿಡಿದು ನಿಂತಿರುತ್ತಾರೆ. ಸೆರಗು ಈ ಕಣವನ್ನು ತಡೆಯುವುದಿಲ್ಲ. ದೇಹದೊಳಗೆ ಪೈರೀನ್ ಬದಲಾಗಿ ಹೈಡ್ರಾಕ್ಸಿಪೈರೀನ್ ಆಗುತ್ತದೆ; ಅವರ ಮೂತ್ರದಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಅವರು ಎಷ್ಟು ಉಸಿರಾಡಿದ್ದಾರೆ ಎಂದು ಗೊತ್ತಾಗುತ್ತದೆ. ಜಗತ್ತಿನ ಎಷ್ಟೋ ಕಡೆ ಕಾರ್ಮಿಕರಿಗೆ ಮಾಡುವ ಪರೀಕ್ಷೆ ಅದು. ನೀವೂ ಕಾರ್ಮಿಕ ಇಲಾಖೆಯೂ ಸೇರಿ ಒಂದು ಜಿಲ್ಲೆಯಲ್ಲಾದರೂ ಶುರು ಮಾಡಬಹುದು.

ಕಸ ಸುಡಬಾರದು ಅನ್ನುವ ಕಾನೂನು ಇಲ್ಲದೆ ಇಲ್ಲ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಕಸದ ವಿಷಯಕ್ಕೆ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ಅವರ ಪ್ರಕರಣದಲ್ಲೇ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ರಾಶಿಗೆ 25,000 ರೂಪಾಯಿ ದಂಡ. ಆದೇಶ ಬಂದ ಮೇಲೂ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನು ನಾವೆಲ್ಲ ನೋಡಿದ್ದೇವೆ. 2018ರ ಜನವರಿಯಲ್ಲಿ ಸಾವಿರಾರು ಸೈನಿಕರು ಬಂದು ಆರಿಸಬೇಕಾಯಿತು. ಕೆರೆಯ ಬೆಂಕಿ ಟಿವಿಯಲ್ಲಿ ಬರುತ್ತದೆ. ಬೀದಿಯ ಬೆಂಕಿ ಬರುವುದಿಲ್ಲ. ಒಟ್ಟು ಲೆಕ್ಕ ಹಾಕಿದರೆ ದಿನಾ ಉರಿಯುವ ಬೀದಿ ಬೆಂಕಿಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ದಂಡದ ವಿಷಯದಲ್ಲಿ ಒಂದು ಮಾತು. ದಯವಿಟ್ಟು ಪೊರಕೆ ಹಿಡಿದ ಪೌರಕಾರ್ಮಿಕರ ಮೇಲೆ ಅದನ್ನು ಹಾಕಬೇಡಿ. ನಮ್ಮ ಬೀದಿ ಗುಡಿಸುವ ತಾಯಿಯನ್ನು ನಾನು ಕೇಳಿದ್ದೆ, ಯಾಕಮ್ಮ ಬೆಂಕಿ ಹಾಕ್ತೀರಿ ಅಂತ. "ಗಾಡಿಯವರು ಎಲೆ ತಗೊಳ್ಳಲ್ಲ ಸಾರ್. ಮೇಸ್ತ್ರಿ ಬಂದಾಗ ಜಾಗ ಕ್ಲೀನಾಗಿರಬೇಕು. ನಾನೇನು ಮಾಡ್ಲಿ?" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಎಲ್ಲರಿಗಿಂತ ಹತ್ತಿರ ನಿಂತು ಆ ಹೊಗೆ ಕುಡಿಯುವವರೂ ಅವರೇ. ಪಾರ್ಕಿನ ಮೂಲೆಯಲ್ಲಿ ತಂತಿಬಲೆಯ ಗೂಡು ಮಾಡಿ ಎಲೆ ತುಂಬಿ, ಸಗಣಿ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರ ಆಗುತ್ತದೆ. ನಗರದ ಎಷ್ಟೋ ಬಡಾವಣೆಗಳಲ್ಲಿ ನಿವಾಸಿಗಳೇ ಇದನ್ನು ಮಾಡುತ್ತಿದ್ದಾರೆ. ಪ್ರತಿ ವಾರ್ಡಿಗೂ ಎಲೆಗೆ ಬೇರೆ ಗಾಡಿ, ಬೇರೆ ದಿನ ಇರಬೇಕು. ಅದು ಪಾಲಿಕೆಯ ಕೆಲಸ ನಿಜ. ಆದರೆ ಪಾಲಿಕೆಗೆ ನಿರ್ದೇಶನ ಕೊಡುವ ಅಧಿಕಾರ ನಿಮಗೆ ಇದೆ.

ಮನೆಯೊಳಗಿನ ಹೊಗೆಯನ್ನು ಈ ಪತ್ರದಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಆದರೆ ಅದರಲ್ಲಿ ಧೈರ್ಯ ಕೊಡುವ ಒಂದು ಸಂಗತಿ ಇದೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಶ್ವಾನ್‌ವೇ ಅನ್ನುವ ಊರಿದೆ. ಅಲ್ಲಿನ ಹೆಂಗಸರು ಬಹುತೇಕ ಯಾರೂ ಸಿಗರೇಟು ಮುಟ್ಟಿದವರಲ್ಲ. ಆದರೂ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಡೀ ದೇಶದಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು. ಮನೆಯೊಳಗೆ ಚಿಮಣಿ ಇಲ್ಲದ ಗುಂಡಿಯಲ್ಲಿ ಹೊಗೆ ಕಾರುವ ಕಲ್ಲಿದ್ದಲು ಉರಿಸುತ್ತಿದ್ದರು. ಗಾಳಿ ಅಳೆದಾಗ ಬೆಂಜೋಪೈರೀನ್ ವಿಪರೀತ ಇತ್ತು. ಒಲೆಗೆ ಚಿಮಣಿ ಕಟ್ಟಿಸಿದರು. ಮುಂದಿನ ವರ್ಷಗಳಲ್ಲಿ ಚಿಮಣಿ ಕಟ್ಟಿಸಿಕೊಂಡ ಮನೆಗಳಲ್ಲಿ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಹೊಗೆ ಹೊರಗೆ ಹೋಗುವ ಅಸ್ತ್ರ ಒಲೆಯನ್ನು ಹಳ್ಳಿ ಹಳ್ಳಿಗೆ ಒಯ್ದಿದ್ದರು. ಆಮೇಲೆ ಗ್ಯಾಸ್ ಬಂತು. ಅಡುಗೆ ಗ್ಯಾಸಿನಲ್ಲಾದರೂ ನೀರು ಕಾಯಿಸುವ ಹಂಡೆಗೆ ಇಂದಿಗೂ ಸೌದೆ, ತೆಂಗಿನ ಗರಿ, ಜೊತೆಗೆ ಪ್ಲಾಸ್ಟಿಕ್ ಕವರ್. ಬಚ್ಚಲೊಲೆಗೆ ಪ್ಲಾಸ್ಟಿಕ್ ಹಾಕಬೇಡಿ ಎಂದು ಹೇಳುವ ಒಂದು ಸರ್ಕಾರಿ ಪೋಸ್ಟರನ್ನು ನಾನು ನಮ್ಮ ಕಡೆಯ ಹಳ್ಳಿಗಳಲ್ಲಿ ನೋಡಿಲ್ಲ.

ಪೋಲೆಂಡಿನ ಕ್ರಾಕೋವ್ ನಗರದ ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಅಲ್ಲಿ ಅಂಕಿಯೇ ಆಯುಧವಾಯಿತು. ಮನೆ ಬೆಚ್ಚಗಿಡಲು ಕಲ್ಲಿದ್ದಲು, ಕಟ್ಟಿಗೆ ಉರಿಸುವ ಆ ದೇಶದಲ್ಲಿ ಬೆಂಜೋಪೈರೀನ್ ಮಟ್ಟ ಯುರೋಪಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದು. ಯುರೋಪಿನ ಒಕ್ಕೂಟದ ಗುರಿಯೂ ನಮ್ಮ ಮಿತಿಯ ಹಾಗೆ 1 ನ್ಯಾನೊಗ್ರಾಂ. ಕ್ರಾಕೋವ್‌ನ ಗಾಳಿ ಅದಕ್ಕಿಂತ ಹಲವು ಪಟ್ಟು ಕೆಟ್ಟಿದೆ ಎಂಬ ಅಳತೆ ವರ್ಷ ವರ್ಷ ಹೊರಬರುತ್ತಿತ್ತು. ಜನ ಅದನ್ನು ಹಿಡಿದು ಬೀದಿಗೆ ಇಳಿದರು. 2019ರ ಸೆಪ್ಟೆಂಬರ್ 1ರಿಂದ ನಗರದೊಳಗೆ ಕಲ್ಲಿದ್ದಲು, ಕಟ್ಟಿಗೆ ಎರಡನ್ನೂ ಉರಿಸುವುದು ನಿಷೇಧವಾಯಿತು. ಹಳೆ ಒಲೆ ಬದಲಾಯಿಸಲು ಸರ್ಕಾರ ಹಣ ಕೊಟ್ಟಿತು. ಗಾಳಿ ಸುಧಾರಿಸಿತು. ಅಲ್ಲಿ ಅಂಕಿ ಬಚ್ಚಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

1 ನ್ಯಾನೊಗ್ರಾಂ ದಾಟದಿದ್ದರೆ ಸಾಕು, ನಿಶ್ಚಿಂತೆ ಅನ್ನುವ ಹಾಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, 1 ನ್ಯಾನೊಗ್ರಾಂ ಇರುವ ಗಾಳಿಯನ್ನು ಜೀವನಪೂರ್ತಿ ಉಸಿರಾಡಿದರೆ ಲಕ್ಷ ಜನರಲ್ಲಿ ಸುಮಾರು 9 ಮಂದಿಗೆ ಅದರಿಂದಲೇ ಕ್ಯಾನ್ಸರ್ ಬರುತ್ತದೆ. ಕೋಟಿ ಜನರ ಊರಿಗೆ ಹಾಕಿ ನೋಡಿ, ಸುಮಾರು 900 ಮಂದಿ. ಬ್ರಿಟನ್ನಿನವರು ತಮ್ಮ ಗುರಿಯನ್ನು 0.25 ನ್ಯಾನೊಗ್ರಾಮಿಗೆ ಇಳಿಸಿಕೊಂಡದ್ದು ಸುಮ್ನೆ ಅಲ್ಲ. ನಾವು ಮೊದಲು 1ರ ಲೆಕ್ಕ ಇಡೋಣ.

ಹಾಗಾಗಿ ನನ್ನ ಮನವಿ ಇದು. ಶುದ್ಧ ಗಾಳಿ ಕಾರ್ಯಕ್ರಮದ ನಾಲ್ಕು ನಗರಗಳಲ್ಲೂ ಈಗ ತೂಕ ನೋಡಿ ಪಕ್ಕಕ್ಕಿಡುವ ಫಿಲ್ಟರ್ ಕಾಗದಗಳಿಂದ ಬೆಂಜೋಪೈರೀನ್ ಅಳೆಯಿಸಿ. ನಿಮ್ಮ ಸಿಬ್ಬಂದಿಗೆ ಹೊರೆಯಾದರೆ ವಿಜ್ಞಾನ ಸಂಸ್ಥೆ, ವಿಶ್ವವಿದ್ಯಾಲಯಗಳ ಲ್ಯಾಬುಗಳನ್ನು ಸೇರಿಸಿಕೊಳ್ಳಿ. ಕೆಮಿಸ್ಟ್ರಿ ಎಂಎಸ್ಸಿ ಮಾಡುವ ಮಕ್ಕಳಿಗೆ ಇದಕ್ಕಿಂತ ಅರ್ಥವಿರುವ ಪ್ರಾಜೆಕ್ಟ್ ಸಿಗಲಾರದು. ಅಳತೆ ಕೇಂದ್ರದ ಮಹಡಿಯಿಂದ ಇಳಿದು ಕಸ ಉರಿಯುವ ಬ್ಲ್ಯಾಕ್ ಸ್ಪಾಟ್ ಹತ್ತಿರ, ಪೀಣ್ಯದ ಗಲ್ಲಿಯಲ್ಲಿ, ಮಂಡ್ಯದ ಆಲೆಮನೆಗಳ ಮಧ್ಯೆ ಒಂದೊಂದು ತಿಂಗಳು ಯಂತ್ರ ಇಡಿ. ಬಂದ ಅಂಕಿಯನ್ನು ಊರಿನ ಹೆಸರು, ತಿಂಗಳು, ಮಿತಿ ಪಕ್ಕಪಕ್ಕ ಹಾಕಿ ಕನ್ನಡದಲ್ಲಿ ಪ್ರಕಟಿಸಿ. ಪಾಲಿಕೆ, ಪಂಚಾಯಿತಿಗಳಿಗೆ ಎಲೆ ಗಾಡಿಯ ನಿರ್ದೇಶನ ಕೊಡಿ. ಆಲೆಮನೆಯವರನ್ನು ಕೂರಿಸಿಕೊಂಡು ಮಾತಾಡಿ.

ಎಲೆ ಉದುರುವ ಕಾಲ ಶಿವರಾತ್ರಿವರೆಗೂ, ಕೆಲವು ಮರಗಳಿಗೆ ಯುಗಾದಿವರೆಗೂ ನಡೆಯುತ್ತದೆ. ಬೆಂಕಿ ಜಾಸ್ತಿ ಇರುವ ದಿನಗಳು ಅವೇ. ಅಳತೆ ಆ ಸೀಸನ್ ಮುಗಿದ ಮೇಲೆ ಶುರುವಾದರೆ ಮತ್ತೆ ಒಂದು ವರ್ಷ ಹೋಗುತ್ತದೆ. ಅದಕ್ಕೇ ಅವಸರ ಮಾಡುತ್ತಿದ್ದೇನೆ. ಮೊದಲ ತಿಂಗಳ ಅಂಕಿ ಎಷ್ಟೇ ಕೆಟ್ಟದಾಗಿ ಬಂದರೂ ಹಾಗೆಯೇ ಹಾಕಿ. ನಿಮ್ಮನ್ನು ಬೈಯಲು ನಾವು ಅದನ್ನು ಬಳಸುವುದಿಲ್ಲ. ನಮ್ಮ ತಿರುವಿನ ಖಾಲಿ ಸೈಟಿನ ಮಾಲೀಕರ ಹತ್ತಿರ, ವಾರ್ಡ್ ಕಚೇರಿಯ ಹತ್ತಿರ, ಸ್ಕೂಲಿನ ಪೋಷಕರ ಸಭೆಗೆ ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗುತ್ತೇವೆ. ಆ ಒಂದು ಹಾಳೆ ನಮಗೆ ಬೇಕಾಗಿದೆ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವೃತ್ತ ಕೆಮಿಸ್ಟ್ರಿ ಉಪನ್ಯಾಸಕ